ಮೇಟರ್ ಡೇನಾ, ಬಾಸ್ಕೋನಾ? ದಕ್ಷಿಣ ಕ್ಯಾಲಿಫೋರ್ನಿಯಾದ ದೊಡ್ಡ ಹೈಸ್ಕೂಲ್ ಫುಟ್‌ಬಾಲ್ ಮ್ಯಾಚಿಗೆ ಹೊರಡುವ ಮುಂಚೆ

ಅಕ್ಟೋಬರ್ ಬಂತೆಂದರೆ ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಗೆಳೆಯರಿಂದ ಫೋನ್ ಶುರುವಾಗುತ್ತದೆ. "ಮಗ ಫುಟ್‌ಬಾಲ್ ನೋಡ್ಬೇಕು ಅಂತ ಹಟ ಮಾಡ್ತಿದ್ದಾನೆ. ದೊಡ್ಡ ಸ್ಟೇಡಿಯಂ ಟಿಕೆಟ್ ರೇಟ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಎಲ್ಲಿಗೆ ಕರ್ಕೊಂಡು ಹೋಗೋಣ?" ನಾನು ಪ್ರತಿ ವರ್ಷ ಹೇಳುವ ಉತ್ತರ ಒಂದೇ. ಹೈಸ್ಕೂಲ್ ಮ್ಯಾಚಿಗೆ ಹೋಗಿ. ಅದರಲ್ಲೂ ಮೇಟರ್ ಡೇ ಮತ್ತು ಸೇಂಟ್ ಜಾನ್ ಬಾಸ್ಕೋ ಆಡುವ ಮ್ಯಾಚಿಗೆ ಹೋಗಿ.

ಅಲ್ಲಿಂದ ಮುಂದೆ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಅಕ್ಟೋಬರಿನ ಲೀಗ್ ಮ್ಯಾಚಾ, ನವೆಂಬರಿನ ಫೈನಲ್ಲಾ? ಯಾರ ಕಡೆ ಕೂರೋದು? ಯಾರು ಗೆಲ್ಲಬಹುದು? ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒಂದು ವಿಷಯ. ಇದು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಫುಟ್‌ಬಾಲ್. ನಮ್ಮವರಿಗೆ ಇದನ್ನು ಅರ್ಥ ಮಾಡಿಸಲು ಕಬಡ್ಡಿಗಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ, ಒಂದೊಂದಕ್ಕೂ 'ಡೌನ್' ಅಂತ ಹೆಸರು. ಆ ನಾಲ್ಕರಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿಯಲ್ಲಿ ಎರಡು ರೇಡ್ ಖಾಲಿ ಹೋದಮೇಲೆ ಮೂರನೆಯದು 'ಮಾಡು ಇಲ್ಲವೇ ಮಡಿ' ಆಗುತ್ತದಲ್ವಾ, ಇಲ್ಲಿ ನಾಲ್ಕನೆಯ ಡೌನ್ ಹಾಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಪಾಯಿಂಟ್. ಅದರ ಹಿಂದೆಯೇ ಒಂದು ಒದೆತಕ್ಕೆ ಇನ್ನೊಂದು ಪಾಯಿಂಟ್. ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಪಾಯಿಂಟ್. ಹೈಸ್ಕೂಲಿನಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್. ಇಷ್ಟು ಗೊತ್ತಿದ್ದರೆ ಮೊದಲ ದಿನಕ್ಕೆ ಸಾಕು.

ಎರಡು ಶಾಲೆಗಳು

ಮೇಟರ್ ಡೇ ಇರುವುದು ಆರೆಂಜ್ ಕೌಂಟಿಯ ಸ್ಯಾಂಟಾ ಆನಾದಲ್ಲಿ. 1950ರಲ್ಲಿ ಶುರುವಾದ ಕ್ಯಾಥೊಲಿಕ್ ಶಾಲೆ. ಹುಡುಗರು ಹುಡುಗಿಯರು ಸೇರಿ ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳು. ಬಣ್ಣ ಕೆಂಪು, ತಂಡದ ಹೆಸರು ಮೊನಾರ್ಕ್ಸ್. ಇವರ ತವರು ಮ್ಯಾಚ್ ನಡೆಯುವುದು ಶಾಲೆಯೊಳಗಲ್ಲ, ಊರ ನಡುವಿನ ಸ್ಯಾಂಟಾ ಆನಾ ಸ್ಟೇಡಿಯಂನಲ್ಲಿ.

ಕಾಲೇಜು ಫುಟ್‌ಬಾಲಿನಲ್ಲಿ ವರ್ಷಕ್ಕೆ ಒಬ್ಬರಿಗೇ ಕೊಡುವ ಹೈಸ್ಮನ್ ಟ್ರೋಫಿ ಅಂತ ಒಂದಿದೆ. ಅದು ಈ ಶಾಲೆಯಲ್ಲಿ ಓದಿದ ಮೂವರಿಗೆ ಬಂದಿದೆ. 1964ರಲ್ಲಿ ಜಾನ್ ಹುವಾರ್ಟೆ, 2004ರಲ್ಲಿ ಮ್ಯಾಟ್ ಲೈನಾರ್ಟ್, 2021ರಲ್ಲಿ ಬ್ರೈಸ್ ಯಂಗ್. ಮೂವರೂ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಹಿಡಿದು ಆಟ ನಡೆಸುವವರು. ಒಂದೇ ಹೈಸ್ಕೂಲಿನಿಂದ ಮೂವರು!

ಸೇಂಟ್ ಜಾನ್ ಬಾಸ್ಕೋ ಲಾಸ್ ಏಂಜಲೀಸ್ ಕೌಂಟಿಯ ಬೆಲ್‌ಫ್ಲವರ್‌ನಲ್ಲಿದೆ. 1940ರ ಶಾಲೆ, ಹುಡುಗರಿಗೆ ಮಾತ್ರ. ಮಕ್ಕಳ ಸಂಖ್ಯೆ ಮೇಟರ್ ಡೇಯ ಅರ್ಧಕ್ಕಿಂತ ಕಡಿಮೆ. ಬಣ್ಣ ತಿಳಿನೀಲಿ ಮತ್ತು ಹೊನ್ನಿನ ಬಣ್ಣ, ಹೆಸರು ಬ್ರೇವ್ಸ್. ಬೆಂಗಳೂರಿನಲ್ಲಿ ಬೆಳೆದವರಿಗೆ ಡಾನ್ ಬಾಸ್ಕೋ ಅನ್ನುವ ಹೆಸರು ಹೊಸದೇನಲ್ಲ. ಅದೇ ಸಂತನ ಹೆಸರು, ಅದೇ ಸಲೇಷಿಯನ್ ಪಾದ್ರಿಗಳ ಪರಂಪರೆ. ಇವರಿಗೆ ಶಾಲೆಯ ಆವರಣದಲ್ಲೇ ಮೈದಾನ ಇದೆ. ನಮ್ಮವರಿಗೆ ಇನ್ನೊಂದು ಅನುಕೂಲ: ಪಕ್ಕದಲ್ಲೇ ಆರ್ಟೀಷಾ. ಸೀರೆ ಅಂಗಡಿ, ಕಿರಾಣಿ ಅಂಗಡಿ, ದೋಸೆ ಹೋಟೆಲುಗಳಿರುವ ಪಯೋನಿಯರ್ ಬುಲೆವಾರ್ಡ್ ಇಲ್ಲಿಂದ ಕೆಲವೇ ಮೈಲಿ. ದೀಪಾವಳಿ ಸಾಮಾನಿಗೆ ಅಂತ ಆ ರಸ್ತೆಗೆ ಹೋಗುವ ಎಷ್ಟೋ ಮಂದಿಗೆ, ಅಷ್ಟು ಹತ್ತಿರದಲ್ಲಿ ದೇಶದ ಅತಿ ದೊಡ್ಡ ಹೈಸ್ಕೂಲ್ ತಂಡಗಳಲ್ಲಿ ಒಂದು ಆಡುತ್ತದೆ ಅಂತ ಗೊತ್ತೇ ಇರುವುದಿಲ್ಲ.

ಇಬ್ಬರೂ ಟ್ರಿನಿಟಿ ಲೀಗ್‌ನಲ್ಲಿದ್ದಾರೆ. ಹಾಗಾಗಿ ವರ್ಷಕ್ಕೊಮ್ಮೆ ಲೀಗ್ ಮ್ಯಾಚಿನಲ್ಲಿ ಎದುರಾಗಲೇಬೇಕು. 2016ರಿಂದ 2024ರವರೆಗೆ ಇವರು ಅಷ್ಟಕ್ಕೇ ನಿಲ್ಲಲಿಲ್ಲ. ದಕ್ಷಿಣ ವಿಭಾಗದ ಮೊದಲ ಡಿವಿಷನ್ ಫೈನಲ್ ನಡೆದ ಪ್ರತಿ ವರ್ಷವೂ ಇವರಿಬ್ಬರೇ ಎದುರುಬದುರು. ಕೋವಿಡ್‌ನಿಂದ ಪ್ಲೇಆಫ್ ನಡೆಯದ ಒಂದು ಸೀಸನ್ ಬಿಟ್ಟರೆ ಒಟ್ಟು ಎಂಟು ಫೈನಲ್. ಗೆದ್ದವರು ಉತ್ತರ ಕ್ಯಾಲಿಫೋರ್ನಿಯಾದ ಚಾಂಪಿಯನ್ ಜೊತೆ ಆಡುತ್ತಿದ್ದರು, ಆ ಎಂಟು ವರ್ಷವೂ ರಾಜ್ಯದ ಪಟ್ಟ ಇವರಲ್ಲೇ ಉಳಿಯಿತು. 2022ರಲ್ಲಿ ಬಾಸ್ಕೋ ಆ ಮ್ಯಾಚನ್ನು 45-0 ಗೆದ್ದಿತು. ಮರುವರ್ಷ ಮೇಟರ್ ಡೇ 35-0. ಅಂದರೆ ರಾಜ್ಯದ ಫೈನಲ್‌ಗಿಂತ ಇವರಿಬ್ಬರ ಮ್ಯಾಚೇ ಕಷ್ಟದ್ದು.

ಸ್ಕೋರ್ ನೋಡಿ ಭವಿಷ್ಯ ಹೇಳಬೇಡಿ

ಯಾರು ಗೆಲ್ಲುತ್ತಾರೆ ಅಂತ ಕೇಳುವವರು ಸಾಮಾನ್ಯವಾಗಿ ಹಿಂದಿನ ಮ್ಯಾಚಿನ ಸ್ಕೋರ್ ಹಿಡಿದುಕೊಂಡು ಬರುತ್ತಾರೆ. ಈ ಜೋಡಿಯ ವಿಷಯದಲ್ಲಿ ಅದಕ್ಕಿಂತ ದೊಡ್ಡ ಮೋಸ ಇಲ್ಲ. ನೋಡಿ.

2018ರ ಲೀಗ್ ಮ್ಯಾಚಿನಲ್ಲಿ ಬಾಸ್ಕೋ 41-18 ಗೆದ್ದಿತು. ಕೆಲವೇ ವಾರ ಬಿಟ್ಟು ನಡೆದ ಫೈನಲ್‌ನಲ್ಲಿ ಮೇಟರ್ ಡೇ 17-5 ಗೆದ್ದಿತು. (ಆ 5 ನೋಡಿ ಹೊಸಬರು ತಪ್ಪು ಅಚ್ಚಾಗಿದೆ ಅಂದುಕೊಳ್ಳುತ್ತಾರೆ. ಒಂದು ಫೀಲ್ಡ್ ಗೋಲಿಗೆ 3, ಎದುರಾಳಿಯನ್ನು ಅವರದೇ ಗೆರೆಯ ಹಿಂದೆ ಕೆಡವಿದರೆ 2.) ಮೊದಲ ಮ್ಯಾಚಿನಲ್ಲಿ 41 ಬಾರಿಸಿದ ತಂಡಕ್ಕೆ ಎರಡನೆಯದರಲ್ಲಿ ಒಂದೇ ಒಂದು ಟಚ್‌ಡೌನ್ ಸಿಗಲಿಲ್ಲ!

2019ರಲ್ಲಿ ಎಲ್ಲ ತಿರುವುಮುರುವು. ಲೀಗ್‌ನಲ್ಲಿ ಮೇಟರ್ ಡೇ 38-24. ಸೆರಿಟೋಸ್ ಕಾಲೇಜಿನಲ್ಲಿ ನಡೆದ ಫೈನಲ್‌ನಲ್ಲೂ ಮೇಟರ್ ಡೇ 28-5ರಿಂದ ಮುಂದಿತ್ತು. ಒಂದು ಕಡೆ ಬ್ರೈಸ್ ಯಂಗ್, ಇನ್ನೊಂದು ಕಡೆ ಬಾಸ್ಕೋದ ಡಿ.ಜೆ. ಉಯಂಗಲೆಲೇ. ದೇಶದ ಎರಡು ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ಒಂದೇ ಮೈದಾನದಲ್ಲಿ. 23 ಪಾಯಿಂಟ್ ಹಿಂದಿದ್ದ ಬಾಸ್ಕೋ ಕೊನೆಗೆ 39-34 ಗೆದ್ದಿತು. ಸೋತ ಬ್ರೈಸ್ ಯಂಗ್ ಎರಡು ವರ್ಷ ಕಳೆದು ಅಲಬಾಮಾದಲ್ಲಿ ಹೈಸ್ಮನ್ ಗೆದ್ದರು. 2023ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟಿನ, ಅಂದರೆ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ ಸರದಿಯ, ಮೊದಲ ಹೆಸರೇ ಅವರದು. ಅಂಥವರಿದ್ದ ತಂಡವೂ ಈ ಮ್ಯಾಚಿನಲ್ಲಿ 23 ಪಾಯಿಂಟ್ ಉಳಿಸಿಕೊಳ್ಳಲಾಗಲಿಲ್ಲ.

2022: ಲೀಗ್‌ನಲ್ಲಿ ಮೇಟರ್ ಡೇ 17-7, ಪಸಡೀನಾದ ರೋಸ್ ಬೌಲ್‌ನಲ್ಲಿ ನಡೆದ ಫೈನಲ್‌ನಲ್ಲಿ ಬಾಸ್ಕೋ 24-22. 2023: ಲೀಗ್‌ನಲ್ಲಿ ಬಾಸ್ಕೋ 28-0, ಫೈನಲ್‌ನಲ್ಲಿ ಮೇಟರ್ ಡೇ 35-7. ಸೊನ್ನೆಗೆ ಸೋತವರು ಅದೇ ಎದುರಾಳಿಗೆ 35 ಹೊಡೆದರು.

2017 ಮತ್ತು 2021ರಲ್ಲಿ ಎರಡೂ ಸಲ ಮೇಟರ್ ಡೇ ಗೆದ್ದಿತ್ತು. 2024ರಲ್ಲೂ ಅಷ್ಟೇ. ಆದರೆ ಆ ವರ್ಷದ ಅಂತರ ನೋಡಿ. ಲೀಗ್‌ನಲ್ಲಿ 59-14. ಆ ರಾತ್ರಿ ಇನ್ನು ಬಾಸ್ಕೋ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಲಾಂಗ್ ಬೀಚ್‌ನಲ್ಲಿ ನಡೆದ ಫೈನಲ್‌ನಲ್ಲಿ 31-24, ಒಂದು ಟಚ್‌ಡೌನ್ ದೂರ.

2017ರಿಂದ 2024ರವರೆಗೆ ಇಬ್ಬರೂ ಎರಡೆರಡು ಸಲ ಆಡಿದ್ದು ಏಳು ಸೀಸನ್. ಅದರಲ್ಲಿ ನಾಲ್ಕು ಸಲ ಮೊದಲು ಸೋತವರೇ ಆಮೇಲೆ ಗೆದ್ದಿದ್ದಾರೆ. ಲೀಗ್‌ನಲ್ಲಿ 20 ಪಾಯಿಂಟಿಗಿಂತ ಜಾಸ್ತಿ ಅಂತರದಲ್ಲಿ ಗೆದ್ದ ನಾಲ್ಕು ಸಲದಲ್ಲೂ ಎರಡು ಸಲ ಫೈನಲ್ ಕೈತಪ್ಪಿದೆ. ಹಾಗಾಗಿ ಯಾರಾದರೂ "ಹೋದ ತಿಂಗಳು ಅಷ್ಟು ಹೊಡೆದ್ರಲ್ಲ, ಈಗೇನು ನೋಡೋದು" ಅಂದರೆ ಈ ಲೆಕ್ಕ ತೋರಿಸಿ.

ಯಾಕೆ ಹೀಗೆ? ಆಡುವವರು 15ರಿಂದ 18 ವರ್ಷದ ಹುಡುಗರು ಅನ್ನುವುದನ್ನು ನಾವು ಮರೆಯುತ್ತೇವೆ. ಒಂದು ತಿಂಗಳಲ್ಲಿ ಒಬ್ಬ ಹುಡುಗನ ಧೈರ್ಯ ಎಷ್ಟೋ ಬದಲಾಗುತ್ತದೆ. ಗಾಯವಾದವನು ವಾಪಸ್ ಬರುತ್ತಾನೆ. ಬೇರೆ ಶಾಲೆಯಿಂದ ಸೇರಿದ ಹುಡುಗರಲ್ಲಿ ಕೆಲವರು ಸೀಸನ್ನಿನ ಮೊದಲ ಅರ್ಧ ಆಡುವಂತಿಲ್ಲ. ಅಕ್ಟೋಬರಿನ ಹೊತ್ತಿಗೆ ಅವರಿನ್ನೂ ತಂಡಕ್ಕೆ ಹೊಂದಿಕೊಳ್ಳುತ್ತಿರುತ್ತಾರೆ, ನವೆಂಬರಿಗೆ ಪೂರ್ತಿ ಒಳಗಾಗಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಸೋತ ಕೋಚ್ ಮೊದಲ ಮ್ಯಾಚಿನ ವಿಡಿಯೊ ಇಟ್ಟುಕೊಂಡು ಕೂರುತ್ತಾನೆ. ಗೆದ್ದವನಿಗೆ ಬದಲಾಯಿಸಲು ಮನಸ್ಸು ಬರುವುದಿಲ್ಲ. ಸೋತವನಿಗೆ ಬದಲಾಯಿಸದೆ ಬೇರೆ ದಾರಿಯೇ ಇಲ್ಲ.

ಕೋಚ್‌ಗಳ ಸ್ಥಿರತೆ ನೋಡಿ ಆರಿಸುವವರೂ ಇದ್ದಾರೆ. ಬಾಸ್ಕೋದಲ್ಲಿ 2010ರಿಂದ ಜೇಸನ್ ನೀಗ್ರೋ, ಅದೇ ಶಾಲೆಯ ಹಳೆಯ ವಿದ್ಯಾರ್ಥಿ. ಮೇಟರ್ ಡೇಯಲ್ಲಿ 1989ರಿಂದ 2022ರವರೆಗೆ ಬ್ರೂಸ್ ರಾಲಿನ್ಸನ್ ಇದ್ದರು. ಅವರು ಹೋದಮೇಲೆ 2023ಕ್ಕೆ ಒಬ್ಬರು, 2024ಕ್ಕೆ ಇನ್ನೊಬ್ಬರು. ಇಷ್ಟು ಬದಲಾವಣೆಯಲ್ಲಿ ತಂಡ ಕುಸಿಯುತ್ತೆ ಅಂದರು. ಎರಡೂ ವರ್ಷ ಮೇಟರ್ ಡೇಯೇ ಗೆದ್ದಿತು. ಈ ಅಳತೆಗೂ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ.

ಹಾಗಾದರೆ ಏನನ್ನು ನೋಡಬೇಕು

ಲೈನ್ ನೋಡಿ. ಕ್ವಾರ್ಟರ್‌ಬ್ಯಾಕ್ ಮುಂದೆ ನಿಲ್ಲುವ ಐವರು ದಪ್ಪ ಹುಡುಗರನ್ನು ನೋಡಿ. ಪೇಪರಿನಲ್ಲಿ ಅವರ ಹೆಸರು ಬರುವುದೇ ಅಪರೂಪ. ಮ್ಯಾಚ್ ಗೆಲ್ಲಿಸುವವರು ಅವರೇ.

ನಾನು ಒಮ್ಮೆ ಬೇಲಿಯ ಪಕ್ಕದಲ್ಲೇ ಕೂತಿದ್ದೆ. ನನ್ನ ಮುಂದೆ ಆರೇಳು ಅಡಿ ದೂರದಲ್ಲಿ ಒಬ್ಬ ಲೈನ್‌ಮನ್ ಬೆಂಚಿನ ಮೇಲೆ ಬಂದು ಕೂತ. ಹತ್ತೂ ಬೆರಳಿಗೆ ಬಿಳಿ ಟೇಪ್. ಎಡಗೈಯ ಎರಡು ಬೆರಳು ಸೇರಿಸಿ ಸುತ್ತಿದ್ದರು, ಅದು ಬಿಚ್ಚಿಕೊಂಡಿತ್ತು. ಹಲ್ಲಿನಿಂದ ಕಚ್ಚಿ ಹರಿಯಲು ನೋಡಿದ, ಆಗಲಿಲ್ಲ. ಪಕ್ಕದವನು ತನ್ನ ಗ್ಲೌಸ್ ತೆಗೆದು, ಏನೂ ಮಾತಾಡದೆ, ಮಗುವಿಗೆ ಕಟ್ಟು ಕಟ್ಟಿದ ಹಾಗೆ ಸುತ್ತಿಕೊಟ್ಟ. ಇಬ್ಬರೂ ನೀರು ಕುಡಿದು ಮತ್ತೆ ಒಳಗೆ ಓಡಿದರು. ಅಲ್ಲಿಂದ ಮುಂದೆ ನಾನು ಚೆಂಡು ನೋಡಲಿಲ್ಲ, ಅವರಿಬ್ಬರನ್ನೇ ನೋಡಿದೆ. ಆಟ ಅರ್ಥವಾಗಲು ಶುರುವಾಗಿದ್ದು ಆ ರಾತ್ರಿ.

ನೀವೂ ಹಾಗೆ ಮಾಡಿ. ಚೆಂಡು ಹಿಂದಕ್ಕೆ ಹೋದ ಕ್ಷಣದಲ್ಲಿ ಎರಡೂ ಕಡೆಯವರು ಡಿಕ್ಕಿ ಹೊಡೆಯುತ್ತಾರೆ. ಆಗ ಅವರ ಹೆಲ್ಮೆಟ್ ಎಲ್ಲಿದೆ ನೋಡಿ. ಗೆರೆಯಿಂದ ಆಚೆಗೆ ಹೋಗಿದ್ದರೆ ದಾಳಿ ಮಾಡುವ ತಂಡ ಗೆಲ್ಲುತ್ತಿದೆ. ಈಚೆಗೆ ಬಂದಿದ್ದರೆ ಕ್ವಾರ್ಟರ್‌ಬ್ಯಾಕ್ ಎಷ್ಟೇ ಒಳ್ಳೆಯವನಾದರೂ ಕೆಲಸ ಕಷ್ಟ. ಎರಡನೆಯ ಗುರುತು, ಮೂರನೆಯ ಡೌನ್‌ನಲ್ಲಿ ಇನ್ನು ಒಂದೆರಡು ಯಾರ್ಡ್ ಮಾತ್ರ ಬೇಕಿದ್ದಾಗ ಏನು ಮಾಡುತ್ತಾರೆ ಅನ್ನುವುದು. ಧೈರ್ಯ ಇರುವ ತಂಡ ನೇರವಾಗಿ ನುಗ್ಗುತ್ತದೆ. ಮೂರನೆಯದು ಕೊನೆಯ ಕ್ವಾರ್ಟರಿನಲ್ಲಿ ಕಾಣುತ್ತದೆ: ಯಾರ ಕೈ ಸೊಂಟದ ಮೇಲಿದೆ? ಎರಡು ಆಟದ ನಡುವೆ ಯಾವ ಕಡೆಯವರು ಬಗ್ಗಿ ಮೊಣಕಾಲು ಹಿಡಿದುಕೊಂಡು ನಿಂತಿದ್ದಾರೆ? ಈ ಎರಡು ತಂಡಗಳಿಗೆ ಬೇರೆಯವರ ಜೊತೆ ಆಡುವಾಗ ಹಾಗೆ ಸುಸ್ತಾಗುವ ಪ್ರಸಂಗವೇ ಕಡಿಮೆ, ಅಷ್ಟರಲ್ಲಿ ಮ್ಯಾಚ್ ಮುಗಿದಿರುತ್ತದೆ. ಒಬ್ಬರಿಗೊಬ್ಬರು ಎದುರಾದಾಗ ಮಾತ್ರ ಕೊನೆಯ ನಿಮಿಷದವರೆಗೂ ದಣಿಯುತ್ತಾರೆ.

ಹಾಗಾಗಿ ಈ ವರ್ಷ ಯಾರು ಅಂತ ಕೇಳಿದರೆ ನನ್ನ ಉತ್ತರ ಹೀಗೆ: ಕಳೆದ ವರ್ಷ ಲೈನ್‌ನಲ್ಲಿ ಆಡಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ವಿಚಾರಿಸಿ. ಯಾವ ಶಾಲೆಯಲ್ಲಿ ಜಾಸ್ತಿಯೋ ಅವರನ್ನು ಹಿಡಿಯಿರಿ. ಸಮ ಇದ್ದರೆ, ಲೀಗ್ ಮ್ಯಾಚಿಗೆ ಮೇಟರ್ ಡೇ. ನಾನು ಮೇಲೆ ಹೇಳಿದ ಏಳು ಸೀಸನ್ನಿನಲ್ಲಿ ಐದು ಸಲ ಲೀಗ್ ಗೆದ್ದವರು ಅವರೇ. ಫೈನಲ್‌ಗೆ ಬಂದರೆ ನಾನು ಲೀಗ್‌ನಲ್ಲಿ ಸೋತವರ ಕಡೆ ವಾಲುತ್ತೇನೆ.

ಅಕ್ಟೋಬರಾ, ನವೆಂಬರಾ

ಆಟದ ಗುಣಮಟ್ಟ ನೋಡಿದರೆ ಫೈನಲ್‌ಗೇ ನನ್ನ ವೋಟು. ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದಲ್ಲಿ ನಡೆಯುತ್ತದೆ, ರಜೆ ಇರುತ್ತದೆ. ಹುಡುಗರು ತಮ್ಮ ಅತ್ಯುತ್ತಮ ಆಟಕ್ಕೆ ಬಂದಿರುತ್ತಾರೆ. ಆದರೆ ಇವರಿಬ್ಬರೂ ಫೈನಲ್ ತಲುಪೇ ತಲುಪುತ್ತಾರೆ ಅಂತ ಬರೆದುಕೊಡುವವರು ಯಾರೂ ಇಲ್ಲ. ಎಂಟು ಸಲ ಆದದ್ದು ಪ್ರತಿ ಸಲ ಆಗಬೇಕಿಲ್ಲ. ಜೊತೆಗೆ ಫೈನಲ್ ಬೇರೆ ಬೇರೆ ಕಡೆ ನಡೆಯುತ್ತದೆ. ರೋಸ್ ಬೌಲ್‌ನಂಥ ದೊಡ್ಡ ಜಾಗದಲ್ಲಾದರೆ ಹೈಸ್ಕೂಲ್ ಮ್ಯಾಚಿನ ಜನ ಒಂದು ಮೂಲೆಯಲ್ಲಿ ಕೂತ ಹಾಗೆ ಕಾಣುತ್ತಾರೆ.

ಲೀಗ್ ಮ್ಯಾಚ್ ಮಾತ್ರ ಗ್ಯಾರಂಟಿ. ದಿನಾಂಕ ಮೊದಲೇ ಗೊತ್ತಿರುತ್ತದೆ, ಮೈದಾನ ಚಿಕ್ಕದು, ಬ್ಯಾಂಡ್ ಬಾರಿಸುವ ಮಕ್ಕಳ ಮುಖ ಕಾಣುತ್ತದೆ. ಮೊದಲ ಸಲ ಹೋಗುವವರು, ಚಿಕ್ಕ ಮಕ್ಕಳಿರುವವರು, ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನೇ ಆರಿಸಿ. ಆಟ ಆಗಲೇ ಗೊತ್ತಿದ್ದು, ಮನಸ್ಸು ಕೊಟ್ಟು ನೋಡುವವರು ನವೆಂಬರಿಗೆ ಕಾಯಿರಿ.

ಮೂರನೆಯ ಆಯ್ಕೆ ಇದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ನಿಮ್ಮ ಮಕ್ಕಳು ಓದುವ ಸರ್ಕಾರಿ ಹೈಸ್ಕೂಲಿನ ಮ್ಯಾಚ್. ಮೇಟರ್ ಡೇ, ಬಾಸ್ಕೋ ಎರಡೂ ಫೀಸು ಕೊಟ್ಟು ಓದುವ ಖಾಸಗಿ ಶಾಲೆಗಳು. ಸರ್ಕಾರಿ ಶಾಲೆ ಮುಖ್ಯವಾಗಿ ತನ್ನ ಬಡಾವಣೆಯ ಮಕ್ಕಳನ್ನು ನಂಬಿಕೊಂಡಿದ್ದರೆ, ಇವರಿಗೆ ಆ ಗಡಿ ಇಲ್ಲ. ಒಳ್ಳೆಯ ಆಟಗಾರರು ದೂರದೂರದಿಂದ ಬರುತ್ತಾರೆ. ಇದು ಅನ್ಯಾಯ ಅನ್ನುವ ಸರ್ಕಾರಿ ಶಾಲೆಯ ಪೋಷಕರ ಬೇಸರ ನನಗೆ ಅರ್ಥವಾಗುತ್ತದೆ. ವರ್ಷಕ್ಕೆ ಒಂದು ಶುಕ್ರವಾರ ಈ ದೊಡ್ಡ ಮ್ಯಾಚಿಗೆ ಹೋಗಿ, ಉಳಿದ ಶುಕ್ರವಾರಗಳಲ್ಲಿ ಒಂದಾದರೂ ನಿಮ್ಮ ಊರಿನ ಶಾಲೆಗೆ ಕೊಡಿ.

ಎಲ್ಲಿ ಕೂರೋದು

ಮಕ್ಕಳಿದ್ದರೆ ತವರು ತಂಡದ ಕಡೆ ಕೂರಿ. ಬ್ಯಾಂಡು, ಚಿಯರ್ ತಂಡ, ತಿಂಡಿ ಸ್ಟಾಲು ಎಲ್ಲ ಸಾಮಾನ್ಯವಾಗಿ ಆ ಕಡೆ ಜೋರು. ಕೆಂಪು ಬಟ್ಟೆ ಬಾಸ್ಕೋ ಕಡೆಗೆ ಬೇಡ, ನೀಲಿ ಬಟ್ಟೆ ಮೇಟರ್ ಡೇ ಕಡೆಗೆ ಬೇಡ. ಯಾರೂ ಏನೂ ಅನ್ನುವುದಿಲ್ಲ, ಆದರೆ ಪಕ್ಕದಲ್ಲಿ ಕೂತವರು ಒಬ್ಬ ಹುಡುಗನ ಅಜ್ಜಿಯೋ ತಾತನೋ ಆಗಿರುತ್ತಾರೆ, ಅವರ ಜೊತೆ ಕೂಗುವ ಸುಖ ತಪ್ಪುತ್ತದೆ. ಯಾರ ಪರವೂ ಅಲ್ಲದವರು ಎತ್ತರದ ಸಾಲಿಗೆ ಹೋಗಿ. ಲೈನ್ ಚೆನ್ನಾಗಿ ಕಾಣುವುದು ಮೇಲಿನಿಂದಲೇ.

ನಮ್ಮ ಮನೆಯ ಹೆಂಗಸರು ಮೊದಲು ಕೇಳುವುದು, "ಅಯ್ಯೋ, ಇಷ್ಟು ಗುದ್ದಾಡ್ತಾರಲ್ಲ, ಮಕ್ಕಳಿಗೆ ಏನೂ ಆಗಲ್ವಾ?" ಆಗುತ್ತದೆ. ಮುಚ್ಚಿಡುವ ಮಾತಲ್ಲ. 2015ರಿಂದ ಕ್ಯಾಲಿಫೋರ್ನಿಯಾದ ಕಾನೂನು ಮೈಗೆ ಮೈ ತಾಗುವ ಅಭ್ಯಾಸವನ್ನು ಸೀಸನ್ನಿನಲ್ಲಿ ವಾರಕ್ಕೆ ಎರಡೇ ದಿನಕ್ಕೆ, ದಿನಕ್ಕೆ 90 ನಿಮಿಷಕ್ಕೆ ಮಿತಿ ಮಾಡಿದೆ. ತಲೆಗೆ ಪೆಟ್ಟಾಗಿದೆ ಅನ್ನುವ ಅನುಮಾನ ಬಂದರೆ ಆ ಹುಡುಗ ಆ ದಿನ ಮತ್ತೆ ಆಡುವಂತಿಲ್ಲ. ಪೆಟ್ಟು ಖಚಿತವಾದರೆ ಹಂತಹಂತವಾಗಿ ವಾಪಸ್ ಬರಲು ಕನಿಷ್ಠ ಏಳು ದಿನ ಬೇಕು. ಆಟ ನಿಂತು ಎಲ್ಲರೂ ಒಂದು ಮೊಣಕಾಲೂರಿ ಕೂತರೆ ಯಾರಿಗೋ ಗಾಯವಾಗಿದೆ ಅಂತ ಅರ್ಥ. ಆ ಹುಡುಗ ಎದ್ದಾಗ ಎರಡೂ ಕಡೆಯವರು ಚಪ್ಪಾಳೆ ತಟ್ಟುತ್ತಾರೆ. ನೀವೂ ತಟ್ಟಿ.

ಟಿಕೆಟ್ ಫೋನಿನಲ್ಲಿ ಮೊದಲೇ ತೆಗೆದುಕೊಳ್ಳಿ, ಗೇಟಿನಲ್ಲಿ ಸಿಗುತ್ತದೆ ಅಂತ ನಂಬಬೇಡಿ. ದೊಡ್ಡ ಬ್ಯಾಗ್ ಬೇಡ. ಕೂರುವುದು ಅಲ್ಯೂಮಿನಿಯಂ ಬೆಂಚು, ಎಂಟು ಗಂಟೆ ಆದಮೇಲೆ ತಣ್ಣಗೆ ಕೊರೆಯುತ್ತದೆ, ಒಂದು ದಿಂಬು ಅಥವಾ ಹಳೆಯ ಶಾಲು ಇರಲಿ. ಶುಕ್ರವಾರ ಸಂಜೆಯ ಫ್ರೀವೇ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಅರ್ವೈನ್ ಕಡೆಯವರು ಬೆಲ್‌ಫ್ಲವರ್‌ಗೆ ಬರುವುದಾದರೆ ಆಫೀಸಿನಿಂದ ಬೇಗ ಹೊರಟು, ಆರ್ಟೀಷಾದಲ್ಲಿ ದೋಸೆ ತಿಂದು, ಅಲ್ಲಿಂದ ಮೈದಾನಕ್ಕೆ ಹೋಗಿ.

ಕರ್ನಾಟಕದಲ್ಲಿದ್ದು ಮೊಮ್ಮಕ್ಕಳ ಜೊತೆ ಫೋನಿನಲ್ಲಿ ಸ್ಕೋರ್ ಹಿಂಬಾಲಿಸುವವರಿಗೆ: ಇಲ್ಲಿ ಶುಕ್ರವಾರ ಸಂಜೆ 7ಕ್ಕೆ ಶುರುವಾದರೆ ಅಕ್ಟೋಬರಿನಲ್ಲಿ ನಿಮಗೆ ಶನಿವಾರ ಬೆಳಿಗ್ಗೆ 7:30. ನವೆಂಬರಿನಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗಿರುತ್ತದೆ, ಆಗ 8:30. ಕಾಫಿ ಕುಡಿದು ಕೂರುವ ಹೊತ್ತಿಗೆ ಮೊದಲ ಕ್ವಾರ್ಟರ್ ನಡೆಯುತ್ತಿರುತ್ತದೆ.